ಹೇಳಿಕೊಡುವವನ ನಾಟಕ

ವಾದಿ ಕಬೀರಿನ ಗ್ಯಾರೇಜುಗಳ ಸಾಲಿನಲ್ಲಿ ಗಾಡಿಗಳ ಬಿಡಿಭಾಗದ ಸ್ಟೋರ್ ನೋಡಿಕೊಳ್ಳುವ ಶ್ಯಾಮಸುಂದರನಿಗೆ ಮಸ್ಕತ್ತಿನ ಕನ್ನಡಿಗರ ನಡುವೆ ಇನ್ನೊಂದು ಕೆಲಸವೂ ಇತ್ತು. ಕನ್ನಡ ಕೂಟದ ವಾರ್ಷಿಕೋತ್ಸವದಲ್ಲಿ ವರ್ಷಕ್ಕೊಂದು ನಾಟಕ ಆಗುತ್ತದೆ. ಆ ನಾಟಕಕ್ಕೆ ಅವನು ಪ್ರಾಂಪ್ಟರು. ರಂಗದ ಎಡಬದಿಯ ಪರದೆಯ ಹಿಂದೆ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಮೊಬೈಲಿನ ಬೆಳಕಿನಲ್ಲಿ ಪುಸ್ತಕ ಹಿಡಿದು, ಮರೆತವರಿಗೆ ಮಾತು ಹೇಳಿಕೊಡುವುದು. ಹದಿನಾರು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದ. ನಾಟಕ ಮುಗಿದ ಮೇಲೆ ವೇದಿಕೆಗೆ ಕರೆದು ಹೂವು ಕೊಡುವಾಗ ಎಲ್ಲರ ಹೆಸರಾದ ನಂತರ ಅವನ ಹೆಸರು ಬರುತ್ತಿತ್ತು, ಒಮ್ಮೊಮ್ಮೆ ಬರುತ್ತಿರಲಿಲ್ಲ. ಅವನಿಗೆ ಅದರಿಂದ ದೊಡ್ಡ ಬೇಜಾರೇನೂ ಇರಲಿಲ್ಲ.

ಇಷ್ಟು ವರ್ಷದಲ್ಲಿ ತಂಡದ ಒಬ್ಬೊಬ್ಬರೂ ಹೇಗೆ ಮರೆಯುತ್ತಾರೆ ಎಂಬುದು ಅವನಿಗೆ ಬಾಯಿಪಾಠವಾಗಿತ್ತು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಪ್ರೆಸಿಲ್ಲಾ ಮಾತು ಮರೆಯುವವಳಲ್ಲ, ಆದರೆ ವಾಕ್ಯದ ಬಾಲವನ್ನು ನುಂಗುತ್ತಾಳೆ. ಅಲ್ ಅಮೇರಾತಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಮಮ್ಮದ್ ಗಡಿಬಿಡಿಯಲ್ಲಿ ಎದುರಿನವರ ಮಾತನ್ನೂ ತಾನೇ ಹೇಳಿ ಮುಗಿಸುತ್ತಾನೆ. ಕೂಟದ ಅಧ್ಯಕ್ಷರಾದ ರಾಜಗೋಪಾಲರದು ಬೇರೆಯೇ ಕ್ರಮ. ಮೈಸೂರಿನವರು, ದೊಡ್ಡ ಕಂಪನಿಯೊಂದರಲ್ಲಿ ಹಣಕಾಸಿನ ಮ್ಯಾನೇಜರು, ಪ್ರತಿ ವರ್ಷ ಮುಖ್ಯ ಪಾತ್ರ ಅವರದೇ. ಮಾತು ಮರೆತಾಗ ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿ, ಗದ್ದ ತುಸು ಎತ್ತಿ, ಎಡಕ್ಕೆ ನೋಡುತ್ತ ನಿಂತುಬಿಡುತ್ತಾರೆ. ಸಭೆ ಅದನ್ನು ಅಭಿನಯವೆಂದೇ ತಿಳಿಯುತ್ತದೆ. ಗದ್ದ ಏಳುವ ಮೊದಲೇ ಶ್ಯಾಮಸುಂದರನ ಬಾಯಿಂದ ಮಾತು ಹೊರಟಿರುತ್ತಿತ್ತು.

ಹೋದ ವರ್ಷದ ಉತ್ಸವ ಮುಗಿದ ಮೇಲೆ ರಾಜಗೋಪಾಲರೇ ಒಂದು ಮಾತು ತೆಗೆದರು. ಊರಿನಲ್ಲಿ ನೂರು ಸಲ ಆಡಿದ ನಾಟಕಗಳನ್ನು ತಂದು ಇಲ್ಲಿ ಇನ್ನೊಂದು ಸಲ ಆಡುವುದು ಸಾಕು, ಒಮಾನಿನಲ್ಲಿರುವ ಕನ್ನಡಿಗರೇ ಹೊಸ ನಾಟಕ ಬರೆಯಲಿ, ಒಂದು ಸ್ಪರ್ಧೆ ಇಡೋಣ ಎಂದರು. ಅವರು ಹೇಳಿದರೆ ಅದಕ್ಕೊಂದು ಶಿಸ್ತೂ ಬರುತ್ತದೆ. ನಿಯಮಗಳ ಹಾಳೆ ವಾಟ್ಸಾಪಿನಲ್ಲಿ ಬಂತು. ಒಂದು ಗಂಟೆ ಮೀರಬಾರದು, ಎಲ್ಲಿಯೂ ಆಡಿರಬಾರದು, ಅಚ್ಚಾಗಿರಬಾರದು. ಬರೆದವರ ಹೆಸರು ಬೇರೆ ಲಕೋಟೆಯಲ್ಲಿರಬೇಕು. ಬರೆದವರು ಯಾರೆಂದು ತಿಳಿಯುವ ಯಾವ ಗುರುತೂ ನಾಟಕದ ಹಾಳೆಗಳಲ್ಲಿ ಇರಕೂಡದು, ಇದ್ದರೆ ತಿರಸ್ಕೃತ. ತೀರ್ಪುಗಾರರು ಇಬ್ಬರು: ಒಬ್ಬರು ಮೈಸೂರಿನವರು, ಇನ್ನೊಬ್ಬರು ಇಲ್ಲಿಯೇ ಇರುವ ನಿವೃತ್ತ ಅಧ್ಯಾಪಕಿ ಎಲಿಜಬೆತ್ ಟೀಚರ್. ಗೆದ್ದ ನಾಟಕವನ್ನು ಮುಂದಿನ ಉತ್ಸವದಲ್ಲಿ ಆಡುವುದು.

ಬಹುಮಾನವೂ ಇತ್ತು. ಆದರೆ ಶ್ಯಾಮಸುಂದರನ ಮನಸ್ಸು ಕೂತದ್ದು ಆ ಕೊನೆಯ ಸಾಲಿನ ಮೇಲೆ. ಹದಿನಾರು ವರ್ಷ ಯಾರೋ ಬರೆದದ್ದನ್ನು ಕತ್ತಲಿನಿಂದ ಪಿಸುಗುಟ್ಟಿ ಇನ್ನೊಬ್ಬರ ಬಾಯಿಗೆ ಹಾಕಿದ್ದೇನೆ, ಒಂದು ಸಲ ನನ್ನ ಮಾತನ್ನು ಅವರ ಬಾಯಲ್ಲಿ ಕೇಳಬೇಕು ಎಂದು ಅವನಿಗೆ ಆಸೆಯಾಯಿತು. ಈ ಆಸೆಯನ್ನು ಅವನು ಹೇಳಿಕೊಂಡದ್ದು ಒಬ್ಬನ ಹತ್ತಿರ ಮಾತ್ರ, ಅವನಿದ್ದ ಕಟ್ಟಡದ ಮೇಲಿನ ಮಹಡಿಯಲ್ಲೇ ಮನೆ ಮಾಡಿಕೊಂಡು, ನಾಟಕದಲ್ಲೂ ಪಾರ್ಟು ಮಾಡುತ್ತಿದ್ದ ಶಂಕರಪುರದ ಎಡ್ವರ್ಡನ ಹತ್ತಿರ.

ಬರೆಯಲು ಅವನಿಗೆ ಹುಡುಕಬೇಕಾದ್ದೇನೂ ಇರಲಿಲ್ಲ. ಕಾರ್ಕಳದ ಆಚೆ ಅವನ ಊರಿನಲ್ಲಿ ಮಳೆ ನಿಂತು ತೋಡಿನ ನೀರು ಮೊಣಕಾಲಿಗೆ ಇಳಿದ ಮೇಲೆ, ಎಲ್ಲರೂ ಸೇರಿ ಅದಕ್ಕೆ ಅಡ್ಡ ಕಟ್ಟ ಹಾಕುತ್ತಾರೆ. ಗೂಟ ಹೊಡೆದು, ಕಲ್ಲಿಟ್ಟು, ಸೊಪ್ಪು ಮೆಟ್ಟಿ, ಮೇಲೆ ಮಣ್ಣು. ನಿಂತ ನೀರು ಎರಡನೆಯ ಬೆಳೆಗೆ. ಮನೆಗೊಂದು ಆಳು ಬರಬೇಕು. ಕಟ್ಟದಲ್ಲಿ ಒಂದೊಂದು ಮನೆಗೆ ಒಂದೊಂದು ಜಾಗ. ಒಬ್ಬರ ಜಾಗವನ್ನು ಇನ್ನೊಬ್ಬರು ಕಟ್ಟುವ ಕ್ರಮ ಇಲ್ಲ. ಜೂನಿನ ಮೊದಲ ನೆರೆಗೆ ಅಷ್ಟೂ ಕೊಚ್ಚಿಕೊಂಡು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಮೊದಲಿನಿಂದ. ಅವನು ಸಣ್ಣವನಿದ್ದಾಗ ಒಂದು ವರ್ಷ ಮೇಲಿನ ಮನೆಯವರು, ನಮಗೆ ಪಂಪು ಬಂತು, ನಿಮ್ಮ ಕಟ್ಟದ ಹಂಗು ನಮಗಿಲ್ಲ ಎಂದು ಆಳು ಕಳಿಸಲಿಲ್ಲ. ಅವರ ಜಾಗದಲ್ಲಿ ಕಟ್ಟ ಬಾಯಿ ಬಿಟ್ಟುಕೊಂಡೇ ಇತ್ತು. ಸಂಜೆಯವರೆಗೂ ನೀರು ಅಲ್ಲಿಂದ ಹರಿಯಿತು, ಯಾರೂ ಅದನ್ನು ಮುಚ್ಚಲಿಲ್ಲ. ನಾಟಕ ಅದೇ. ಒಂದು ದಿನ, ಬೆಳಗಿನಿಂದ ಸಂಜೆಯವರೆಗೆ. ಜನ ಕೆಲಸ ಮಾಡುತ್ತಾರೆ, ಬಾರದವನನ್ನು ಬೈಯುತ್ತಾರೆ, ಗಂಜಿ ಉಣ್ಣುತ್ತಾರೆ. ಕೊನೆಗೆ ಆ ಮನೆಯ ಯಜಮಾನ ಬಂದು ದಡದಲ್ಲಿ ನಿಲ್ಲುತ್ತಾನೆ.

ಗ್ಯಾರೇಜಿನ ಹಳೆಯ ಜಾಬ್ ಕಾರ್ಡುಗಳ ಬೆನ್ನ ಮೇಲೆ, ಗಿರಾಕಿ ಇಲ್ಲದ ಹೊತ್ತಿನಲ್ಲಿ, ನಾಲ್ಕು ತಿಂಗಳು ಬರೆದ. ಬರೆಯುವಾಗ ಅವನಿಗೆ ಒಂದು ತೊಡಕು ಕಂಡಿತು. ಯಾರೋ ತಿಮ್ಮಪ್ಪ, ಯಾರೋ ಕೊರಗಪ್ಪ ಎಂದು ಎಡಗಡೆ ಹೆಸರು ಹಾಕಿದರೆ ಅವರು ಬಾಯಿ ಬಿಡುತ್ತಿರಲಿಲ್ಲ. ತಂಡದವರ ಹೆಸರು ಹಾಕಿದರೆ ಮಾತು ತಾನಾಗಿ ಬರುತ್ತಿತ್ತು. ಪ್ರೆಸಿಲ್ಲಾಳಿಗೆ ಬಾಲ ನುಂಗಿದರೂ ಕೆಡದ ಮಾತು, ಮಮ್ಮದನಿಗೆ ಎದುರಿನವರ ಮಾತಿಗೆ ಅಡ್ಡ ಬಾಯಿ ಹಾಕುವ ಮಾತು. ಹಾಗೆ ಎಲ್ಲರ ಹೆಸರಲ್ಲೇ ಬರೆದುಕೊಂಡು ಹೋದ. ಪಾತ್ರಗಳ ಹೆಸರನ್ನು ಕೊನೆಗೆ ಬದಲಾಯಿಸಿದರಾಯಿತು ಎಂದುಕೊಂಡ.

ಆ ಕೊನೆ ಅವನ ಕೈಗೆ ಸಿಗಲಿಲ್ಲ. ಸೋಹಾರಿನಲ್ಲಿ ಗ್ಯಾರೇಜಿನ ಹೊಸ ಶಾಖೆ ತೆರೆದು, ಅಲ್ಲಿನ ಸ್ಟೋರ್ ಜೋಡಿಸಿಕೊಡಲು ಕಫೀಲ್, ಅಂದರೆ ಗ್ಯಾರೇಜಿನ ಒಮಾನಿ ಮಾಲೀಕ, ಅವನನ್ನು ಹನ್ನೆರಡು ದಿನಕ್ಕೆ ಕಳಿಸಿದ. ಹೊರಡುವ ಗಡಿಬಿಡಿಯಲ್ಲಿ ಕಾರ್ಡುಗಳ ಕಟ್ಟನ್ನು ಎಡ್ವರ್ಡನ ಕೈಗಿತ್ತು, ಟೈಪ್ ಮಾಡಿ ಇಡು, ಬಂದು ನೋಡುತ್ತೇನೆ ಎಂದಿದ್ದ. ಹನ್ನೆರಡು ದಿನ ಹದಿನೇಳಾಯಿತು. ಕೊನೆಯ ತಾರೀಖಿನ ದಿನ ಎಡ್ವರ್ಡ್ ಫೋನ್ ಮಾಡಿ ಕೇಳಿದಾಗ ಇವನು ರ‍್ಯಾಕಿನ ಮೇಲೆ ಹತ್ತಿ ನಿಂತಿದ್ದ. ಕೊಟ್ಟುಬಿಡು ಎಂದ. ಹೆಸರಿನ ನೆನಪು ಆಗಲೇ ಇಲ್ಲ.

ಎಡ್ವರ್ಡ್ ಬಂದರಿನ ಕಾಗದಪತ್ರ ತಯಾರಿಸುವ ಕಂಪನಿಯೊಂದರಲ್ಲಿ ಗುಮಾಸ್ತ. ಕಾಗದದಲ್ಲಿ ಒಂದು ಅಕ್ಷರ ಹೆಚ್ಚುಕಡಿಮೆಯಾದರೆ ಕಂಟೇನರ್ ವಾರಗಟ್ಟಲೆ ಬಿಸಿಲಲ್ಲಿ ನಿಲ್ಲುವ ಉದ್ಯೋಗ. ತಪ್ಪೆಂದು ಕಂಡರೂ ತಿದ್ದದೆ, ಇದ್ದದ್ದನ್ನು ಇದ್ದ ಹಾಗೆ ಏರಿಸುವುದು ಅವನ ಇಪ್ಪತ್ತೆರಡು ವರ್ಷದ ಅಭ್ಯಾಸ. ಹಾಗೆಯೇ ಏರಿಸಿದ.

ಸೋಹಾರಿನಿಂದ ಬಂದ ವಾರ ಶ್ಯಾಮಸುಂದರನಿಗೆ ಫೋನ್ ಬಂತು. ರಾಜಗೋಪಾಲರ ಹೆಂಡತಿ, ಕೂಟದ ಕಾರ್ಯದರ್ಶಿ ಸುಶೀಲಮ್ಮ. ಸ್ಪರ್ಧೆಯ ಲಕೋಟೆಗಳೆಲ್ಲ ಹೋಗಿ ಸೇರುವುದು ಅವರ ಕೈಗೇ. ಶುಕ್ರವಾರ ಮನೆ ಕಡೆ ಬಂದುಹೋಗಿ, ಎಡ್ವರ್ಡ್ ಅವರನ್ನೂ ಕರೆದುಕೊಂಡು ಬನ್ನಿ ಎಂದರು. ಯಾಕೆಂದು ಹೇಳಲಿಲ್ಲ. ಧ್ವನಿಯಲ್ಲಿ ನಗು ಇದ್ದ ಹಾಗಿತ್ತು.

ಎಡ್ವರ್ಡನ ಕಾರಿನಲ್ಲಿ ಹೊರಟಾಗ ಶ್ಯಾಮಸುಂದರ, ನೀನು ಟೈಪ್ ಮಾಡಿದ್ದನ್ನು ನಾನು ನೋಡಲೇ ಇಲ್ಲವಲ್ಲ, ತೋರಿಸು ಎಂದ. ಎಡ್ವರ್ಡ್ ಫೋನಿನಲ್ಲಿ ತೆಗೆದು ಕೊಟ್ಟ. ಅಚ್ಚುಕಟ್ಟಾಗಿತ್ತು. ಎಡಗಡೆ ದಪ್ಪ ಅಕ್ಷರದಲ್ಲಿ ಹೆಸರು, ಬಲಗಡೆ ಮಾತು. ಮೊದಲ ಸಾಲು ಮಮ್ಮದ್. ಎರಡನೆಯದು ಪ್ರೆಸಿಲ್ಲಾ. ಮೂರನೆಯ ಸಾಲಿನಲ್ಲಿ ಎಡ್ವರ್ಡನೇ ಇದ್ದ.

"ಇದೆಂತ ಮಾರಾಯ," ಎಂದ ಶ್ಯಾಮಸುಂದರ. "ಹೆಸರು ಬದಲಾಯಿಸಲಿಲ್ಲವಾ ನೀನು?"

"ನೀನು ಬರೆದದ್ದೇ ಹಾಗೆ ಅಲ್ವಾ?"

"ನಿನ್ನ ಹೆಸರು ಬಂದಾಗಲಾದರೂ ಒಂದು ಫೋನ್ ಮಾಡಬಾರದಾ?"

"ನಾನೆಂತ ಗ್ರಹಿಸಿದೆ, ಇದೊಂದು ಹೊಸ ಶೈಲಿ ಇರ್ಬೇಕು ಅಂತ," ಎಂದ ಎಡ್ವರ್ಡ್. "ಪಾರ್ಟು ಒಳ್ಳೆದುಂಟು ನನ್ನದು. ಎರಡು ಸಲ ಓದಿದೆ."

ಆಮೇಲೆ ಮದೀನತ್ ಸುಲ್ತಾನ್ ಖಾಬೂಸಿನ ರಾಜಗೋಪಾಲರ ಮನೆ ಬರುವವರೆಗೆ ಶ್ಯಾಮಸುಂದರ ಫೋನಿನಲ್ಲಿ ಪುಟ ಸರಿಸುತ್ತಲೇ ಇದ್ದ. ಆಳು ಕಳಿಸದ ಮನೆಯ ಯಜಮಾನನ ಹೆಸರು ಯಾವುದೆಂದು ಇಬ್ಬರಿಗೂ ಗೊತ್ತಿತ್ತು.

ಸುಶೀಲಮ್ಮ ಕಾಫಿ, ಕೋಡುಬಳೆ ಇಟ್ಟರು. ರಾಜಗೋಪಾಲರ ಮುಂದಿನ ಟೀಪಾಯಿಯ ಮೇಲೆ ನಾಟಕದ ಪ್ರತಿ ಇತ್ತು, ಮೂಲೆಯಲ್ಲಿ ಕೆಂಪು ಶಾಯಿಯ ಐದು. ಬಂದ ಏಳು ನಾಟಕಗಳಲ್ಲಿ ಇದು ಐದನೆಯದು, ನಂಬರು ಹಾಕುವಾಗ ಸುಶೀಲ ಮೊದಲ ಪುಟ ನೋಡಿ ನನ್ನನ್ನು ಕರೆದಳು ಎಂದು ಅವರು ಶುರುಮಾಡಿದರು. ಯಾರು ಬರೆದದ್ದೆಂದು ತಾನು ಕೇಳುವುದಿಲ್ಲ, ಕೇಳುವ ಹಾಗೂ ಇಲ್ಲ, ಹೆಸರಿನ ಲಕೋಟೆ ಅಂಟಿದ ಹಾಗೇ ಇದೆ ಎಂದರು. ಕನ್ನಡಕ ತೆಗೆದು ಒರೆಸಿದರು.

"ನಮ್ಮ ತಂಡದಲ್ಲಿ ನಾವು ಎಷ್ಟು ಜನ ಶ್ಯಾಮಸುಂದರ್?"

"ಒಂಬತ್ತು ಸರ್."

"ಇದರಲ್ಲಿ ಎಂಟು ಜನ ಇದ್ದಾರೆ. ನಾನಿದ್ದೀನಿ, ಸುಶೀಲ ಇದ್ದಾಳೆ, ಇವರು ಎಡ್ವರ್ಡ್ ಇದ್ದಾರೆ. ಇಲ್ಲದೇ ಇರೋರು ಯಾರು?"

ಶ್ಯಾಮಸುಂದರ ಕಾಫಿಯ ಲೋಟ ಕೆಳಗಿಟ್ಟ.

"ಯಾರ ಹೆಸರೂ ಇಲ್ಲ ಅಂದ್ರೆ ಸರಿ," ಎಂದರು ರಾಜಗೋಪಾಲರು. "ಎಲ್ಲರದೂ ಇದ್ದು ಒಬ್ಬರದು ಮಾತ್ರ ಇಲ್ಲ ಅಂದ್ರೆ, ಅದು ಸಹಿ ಹಾಕಿದ ಹಾಗೇ ಅಲ್ವೇನ್ರೀ? ಎಲಿಜಬೆತ್ ಟೀಚರ್ ಹದಿನಾರು ವರ್ಷದಿಂದ ಮುಂದಿನ ಸಾಲಲ್ಲಿ ಕೂತು ನಮ್ಮನ್ನ ನೋಡ್ತಿದ್ದಾರೆ. ಎರಡನೇ ಪುಟಕ್ಕೇ ಗೊತ್ತಾಗತ್ತೆ."

ತಪ್ಪು ತನ್ನದು ಎಂದು ಎಡ್ವರ್ಡ್ ನಡುವೆ ಬಾಯಿ ಹಾಕಿದ. ಕಂಪ್ಯೂಟರಿನಲ್ಲಿ ಎಂಟು ಹೆಸರು ಬದಲಾಯಿಸಲು ಐದು ನಿಮಿಷ ಸಾಕು, ಇನ್ನೂ ಯಾರ ಕೈಗೂ ಹೋಗಿಲ್ಲವಲ್ಲ, ಈಗಲೇ ಮಾಡಿ ಕೊಡುತ್ತೇನೆ, ಖಲಾಸ್ ಎಂದ. ರಾಜಗೋಪಾಲರು ಹೆಂಡತಿಯ ಮುಖ ನೋಡಿದರು. ಸುಶೀಲಮ್ಮ ಸಂಕೋಚದಿಂದಲೇ ಹೇಳಿದರು. ಸಲಾಲಾದಿಂದ ಬಂದ ನಾಟಕದಲ್ಲಿ ಪ್ರತಿ ಪುಟದ ಕೆಳಗೂ ಬರೆದವರ ಹೆಸರು ಅಚ್ಚಾಗಿತ್ತಂತೆ. ತಿಳಿಸಿದ್ದಕ್ಕೆ, ತೆಗೆದು ಇನ್ನೊಂದು ಪ್ರತಿ ಕಳಿಸುತ್ತೇನೆ ಎಂದು ಅವರು ಕೇಳಿಕೊಂಡರಂತೆ. ತಾರೀಖು ಮುಗಿಯಿತು, ಆಗುವುದಿಲ್ಲ ಎಂದು ಇವರು ಮೊನ್ನೆಯೇ ಹೇಳಿಬಿಟ್ಟಿದ್ದರು.

"ನನಗೊಂದು ಫಜೀತಿ ನೋಡಿ," ಎಂದರು ರಾಜಗೋಪಾಲರು. "ಬೇಡ ಅಂದ್ರೆ, ಪಾತ್ರ ಹಿಡಿಸಲಿಲ್ಲ ಅದಕ್ಕೆ ಬೇಡ ಅಂದ ಅಂತಾರೆ. ಇರಲಿ ಅಂದ್ರೆ, ಕೊನೇ ಸೀನು ತನ್ನದೇ ಅಂತ ಬಿಟ್ಟ ಅಂತಾರೆ. ನೀವೇ ಹೇಳಿ."

ಶ್ಯಾಮಸುಂದರನಿಗೆ ಏನು ಹೇಳಬೇಕೆಂದು ಹೊಳೆಯಲಿಲ್ಲ. ಬೇರೆಯವರು ಹೀಗೆ ನಿಂತಾಗ ಮಾತು ಕೊಡುವವನು ಅವನು. ಅವನಿಗೆ ಕೊಡುವವರು ಯಾರೂ ಇರಲಿಲ್ಲ. ಎಡ್ವರ್ಡ್ ಮೊಣಕೈಯಿಂದ ತಿವಿದ. ಐದು ನಿಮಿಷದ ಕೆಲಸ. ಆಗಲಿ ಅಂದರೆ ಆಗುತ್ತದೆ, ಉತ್ಸವದ ದಿನ ಆ ಮಾತುಗಳು ಮೈಕಿನಲ್ಲಿ ಬರುತ್ತವೆ. ಆದರೆ ಸಲಾಲಾದಲ್ಲಿ ತಾನು ಕಂಡಿಲ್ಲದ ಯಾರೋ ಒಬ್ಬ, ಅವನಿಗೂ ನಾಲ್ಕು ತಿಂಗಳು ಹಿಡಿದಿರಬಹುದು. ಅವನದೂ ಐದು ನಿಮಿಷದ ಕೆಲಸವೇ ಆಗಿತ್ತು.

"ಆ ಐದನೇ ನಂಬರಿನದನ್ನು ತೆಗೆದಿಡಿ ಸರ್," ಎಂದ.

ಸುಶೀಲಮ್ಮ ಕೋಡುಬಳೆಯ ತಟ್ಟೆಯನ್ನು ಅವನ ಕಡೆ ಸರಿಸಿದರು. ಹೊರಡಲು ಎದ್ದಾಗ ರಾಜಗೋಪಾಲರು ಬಾಗಿಲಿನವರೆಗೆ ಬಂದರು. ಚಪ್ಪಲಿ ಮೆಟ್ಟುತ್ತಿದ್ದವನ ಪಕ್ಕ ನಿಂತು, ಯಾರಿಗೂ ಕೇಳಿಸಬಾರದೆನ್ನುವ ಹಾಗೆ ಕೇಳಿದರು.

"ಈಗ ನಂಬರ್ ಇಲ್ಲವಲ್ಲ, ಕೇಳಬಹುದು. ನನಗ್ಯಾಕೆ ಆ ಪಾತ್ರ? ನಾನು ಆಳು ಕಳಿಸದೇ ಇರೋನ ಥರ ಕಾಣ್ತೀನಾ?"

"ಹಾಗಲ್ಲ ಸರ್. ಅವನು ಮಾತಾಡದೆ ನಿಲ್ಲಬೇಕು. ತುಂಬಾ ಹೊತ್ತು. ನಿಮಗೆ ಮಾತು ಮರೆತಾಗ ನೀವು ನಿಲ್ಲುವ ಒಂದು ರೀತಿ ಉಂಟಲ್ಲ, ಅದು ನಮ್ಮಲ್ಲಿ ಬೇರೆ ಯಾರಿಗೂ ಬರುವುದಿಲ್ಲ."

ಒಳಗಿನಿಂದ ಸುಶೀಲಮ್ಮ ನಕ್ಕದ್ದು ಕೇಳಿಸಿತು. ರಾಜಗೋಪಾಲರು ನಗಲಿಲ್ಲ. "ಮರೆತಾಗ," ಎಂದು ತಮ್ಮಷ್ಟಕ್ಕೆ ಒಮ್ಮೆ ಹೇಳಿಕೊಂಡು ಬಾಗಿಲು ಹಾಕಿಕೊಂಡರು.

ಫಲಿತಾಂಶ ಬಂತು. ಸೋಹಾರಿನ ನಿಖಿತಾ ಎಂಬ ಶಾಲಾ ಅಧ್ಯಾಪಕಿ ಬರೆದ ನಾಟಕ ಗೆದ್ದಿತು. ಒಂದೇ ಫ್ಲ್ಯಾಟನ್ನು ಹಂಚಿಕೊಂಡು ಬದುಕುವ ಎರಡು ಕುಟುಂಬಗಳ ಕಥೆ. ಪ್ರಾಂಪ್ಟ್ ಮಾಡಲು ಓದಿಕೊಂಡ ಶ್ಯಾಮಸುಂದರನಿಗೆ ಅದು ಒಳ್ಳೆಯ ನಾಟಕವೆಂದೇ ಕಂಡಿತು. ಇನ್ನೂ ಕೆಟ್ಟದ್ದಾಗಿದ್ದರೆ ಮನಸ್ಸಿಗೆ ಸುಲಭವಾಗುತ್ತಿತ್ತೇನೋ. ಜಾಬ್ ಕಾರ್ಡುಗಳ ಕಟ್ಟಿಗೆ ಎರಡು ರಬ್ಬರ್ ಬ್ಯಾಂಡ್ ಹಾಕಿ, ಬ್ರೇಕ್ ಶೂಗಳ ರ‍್ಯಾಕಿನ ಕೆಳಗಿನ ಡ್ರಾಯರಿನಲ್ಲಿಟ್ಟ.

ಎಡ್ವರ್ಡ್ ಮಾತ್ರ ತಾನು ಟೈಪ್ ಮಾಡಿದ ಪ್ರತಿಯನ್ನು ಇಟ್ಟುಕೊಂಡು ಸುಮ್ಮನೆ ಕೂರಲಿಲ್ಲ. ತನ್ನ ಪಾರ್ಟು ಒಳ್ಳೆಯದಿದೆ ಎಂಬುದು ಅವನ ತಲೆಯಿಂದ ಹೋಗಿರಲಿಲ್ಲ. ಹೆಸರಿದ್ದವರಿಗೆಲ್ಲ ಅವರವರ ಪುಟವನ್ನು ಕಳಿಸಿದ್ದ, ನೋಡಿ, ಇದರಲ್ಲಿ ನೀವೂ ಇದ್ದೀರಿ ಎಂದು. ಇದು ಶ್ಯಾಮಸುಂದರನಿಗೆ ಗೊತ್ತಾದದ್ದು ಮೂರನೆಯ ವಾರದ ಅಭ್ಯಾಸದ ದಿನ.

ಅಭ್ಯಾಸ ನಡೆಯುತ್ತಿದ್ದದ್ದು ಅಲ್ ಅಮೇರಾತಿನಲ್ಲಿ, ಮಮ್ಮದನ ಅಂಗಡಿಯ ಹಿಂದಿನ ಅಂಗಳದಲ್ಲಿ. ಶುಕ್ರವಾರ, ನಮಾಜು ಮುಗಿಸಿ ಮಮ್ಮದ್ ಬಂದು ಅಂಗಡಿಯನ್ನು ಮಗಳು ಹಿಬಾಳಿಗೆ ಒಪ್ಪಿಸಿದ ಮೇಲೆ ಶುರು. ಆ ದಿನ ನಿಖಿತಾ ಅವರ ನಾಟಕದ ಎರಡು ದೃಶ್ಯ ಮುಗಿದು ಚಹಾಕ್ಕೆ ಬಿಟ್ಟಿದ್ದರು. ಪ್ರೆಸಿಲ್ಲಾ ಚಹಾದ ಲೋಟ ಹಂಚುತ್ತ ಬಂದವಳು ಶ್ಯಾಮಸುಂದರನ ಮುಂದೆ ನಿಂತು, ಮಾತಾಡುವ ಧಾಟಿಯಲ್ಲೇ, "ಗಂಜಿ ತಣಿದರೆ ಉಣ್ಣಬಹುದು, ಮನುಷ್ಯ ತಣಿದರೆ ಎಂತ ಮಾಡುವುದು," ಎಂದಳು. ಕೊನೆಯ ಅಕ್ಷರ ಸರಿಯಾಗಿ ಕೇಳಿಸಲಿಲ್ಲ. ಅವನು ಬರೆದಾಗಲೇ ಅದು ಕೇಳಿಸದಿದ್ದರೂ ನಡೆಯುವ ಹಾಗೆ ಬರೆದಿದ್ದ.

ಶ್ಯಾಮಸುಂದರನ ಕೈಯಲ್ಲಿ ಲೋಟ ಹಾಗೇ ನಿಂತಿತು.

ಕಲಿತದ್ದು ಅವಳೊಬ್ಬಳೇ ಅಲ್ಲ. ಮಮ್ಮದ್ ಅದಕ್ಕೆ ಅಡ್ಡ ಬಾಯಿ ಹಾಕಬೇಕಾದ ಮಾತನ್ನು ಹಾಕಿದ. ಎಡ್ವರ್ಡ್ ತನ್ನದನ್ನು ಎದ್ದು ನಿಂತೇ ಹೇಳಿದ. ಯಾರಿಗೂ ಯಾರೂ ಹೇಳಿಕೊಡಬೇಕಾಗಲಿಲ್ಲ. ಅದು ಅವರು ಮಾತಾಡುವ ರೀತಿಯೇ ಆಗಿತ್ತು. ರಾಜಗೋಪಾಲರು ಗಡಿಯಾರ ನೋಡಿಕೊಂಡು, ಚಹಾದ ಬಿಡುವು ಇಪ್ಪತ್ತು ನಿಮಿಷ, ಅದರಲ್ಲಿ ಏನು ಬೇಕಾದರೂ ಮಾಡಿಕೊಳ್ಳಬಹುದು, ಅದಕ್ಕೆ ನಿಯಮವಿಲ್ಲ ಎಂದರು.

ಕಲ್ಲಿನ ಬದಲು ಅಕ್ಕಿಯ ಚೀಲ ತಂದರು. ಐದೈದು ಕಿಲೋದ ಚೀಲಗಳು, ನೀರಿನ ಬಾಟಲಿಗಳ ಕಟ್ಟು, ಒಂದೆರಡು ಖರ್ಜೂರದ ಡಬ್ಬಿ. ಅಂಗಳದ ಈ ಗೋಡೆಯಿಂದ ಆ ಗೋಡೆಗೆ ಕಟ್ಟ ಬೆಳೆಯಿತು. ಕೊನೆಯ ದೃಶ್ಯ ಮಾತ್ರ ಆಡುವುದೆಂದು ತೀರ್ಮಾನವಾಯಿತು. ನಡುವೆ ಒಂದು ಆಳಿನಷ್ಟು ಜಾಗ ಬಿಟ್ಟು ಎಲ್ಲರೂ ಎರಡು ಕಡೆ ನಿಂತರು. ಶ್ಯಾಮಸುಂದರ ಅಭ್ಯಾಸಬಲದಿಂದ ಎಡಬದಿಗೆ ಸ್ಟೂಲ್ ಎಳೆದುಕೊಂಡು ಕೂತ. ಕೈಯಲ್ಲಿ ಪುಸ್ತಕ ಇರಲಿಲ್ಲ.

ರಾಜಗೋಪಾಲರು ಅಂಗಡಿಯ ಹಿಂಬಾಗಿಲಿನಿಂದ ಬಂದರು. ದಡದಲ್ಲಿ ನಿಂತರು. ಚೀಲಗಳ ಸಾಲು ನೋಡಿದರು, ನಡುವಿನ ತೆರಪು ನೋಡಿದರು. ಕೈ ಎರಡೂ ಬೆನ್ನ ಹಿಂದೆ ಹೋದವು. ಗದ್ದ ಏರಿತು. ಕಣ್ಣು ಎಡಕ್ಕೆ ತಿರುಗಿತು.

ಶ್ಯಾಮಸುಂದರನ ಬಾಯಿ ತೆರೆದುಕೊಂಡಿತ್ತು. ಮಾತು ನಾಲಗೆಯ ತುದಿಗೆ ಬಂದಿತ್ತು. ಅಲ್ಲಿ ಮೌನ ಎಂದು ಬರೆದಿದ್ದ, ಎಷ್ಟು ಹೊತ್ತಿನದೆಂದು ಬರೆದಿರಲಿಲ್ಲ. ಎಡ್ವರ್ಡ್ ಇವನ ಕಡೆ ನೋಡಿದ. ಮಮ್ಮದನಿಗೆ ತಡೆಯಲಾಗದೆ ತುಟಿ ಅಲುಗಿತು, ಪ್ರೆಸಿಲ್ಲಾ ಅವನ ತೋಳು ಹಿಡಿದಳು. ಆಮೇಲೆ ಅವಳೇ ಸ್ಟೂಲಿನ ಕಡೆ ಬಾಗಿ, "ಶ್ಯಾಮಣ್ಣ, ಹೇಳಿಕೊಡಿ ಅವರಿಗೆ," ಎಂದಳು.

"ಬೇಡ. ಇರಲಿ," ಎಂದ ಶ್ಯಾಮಸುಂದರ.

ಹೊರಗೆ ರಸ್ತೆಯಲ್ಲಿ ನೀರಿನ ಟ್ಯಾಂಕರೊಂದು ಹಾದುಹೋಯಿತು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ರಾಜಗೋಪಾಲರು ಬೆನ್ನ ಹಿಂದಿನ ಕೈ ಬಿಡಿಸಿಕೊಂಡು, ತೆರಪಿನ ಕಡೆಗೆ ಒಂದು ಹೆಜ್ಜೆ ಇಟ್ಟರು.

"ನಮ್ಮ ಜಾಗ ಎಷ್ಟು ಅಗಲ ಇದೆ?"

ಶ್ಯಾಮಸುಂದರ ಬರೆದದ್ದು 'ಉಂಟು' ಎಂದು. ತಿದ್ದಲಿಲ್ಲ.

ಮಮ್ಮದ್ ಬಗ್ಗಿ ಒಂದು ಚೀಲ ಎತ್ತಿ ಅವರ ಕೈಗೆ ಕೊಟ್ಟ. ರಾಜಗೋಪಾಲರು ಅದನ್ನು ತೆರಪಿನಲ್ಲಿಟ್ಟು, ಕಾಲಿನಿಂದ ಒತ್ತಿ ಕೂರಿಸಿದರು. ನಾಟಕ ಅಲ್ಲಿಗೆ ಮುಗಿಯುತ್ತಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟಲು ನೋಡುವವರೇ ಇರಲಿಲ್ಲ, ಎಲ್ಲರೂ ಆಡುವವರೇ. ಸ್ಟೂಲಿನ ಮೇಲೆ ಕೂತವನು ಒಬ್ಬ ಇದ್ದ. ನೋಡುವವನು ತಾನೇ ಎಂದು ಅವನಿಗೆ ಹೊಳೆಯಲಿಲ್ಲ.

ರಾಜಗೋಪಾಲರು ಕೈಗೆ ಹತ್ತಿದ ಧೂಳು ಕೊಡವುತ್ತ ಹತ್ತಿರ ಬಂದರು.

"ನಿಜ ಹೇಳ್ಬೇಕು ಅಂದ್ರೆ, ಮರೆತುಹೋಗಿತ್ತು ಕಣ್ರೀ."

"ಗೊತ್ತು ಸರ್."

"ಮತ್ತೆ ಹೇಳಿಕೊಡಲಿಲ್ಲ?"

"ನೆನಪು ಮಾಡಿಕೊಳ್ಳುತ್ತಾ ಇದ್ದಿರಲ್ಲ. ಅಷ್ಟು ಹೊತ್ತು ಬೇಕಿತ್ತು ಅಲ್ಲಿ."

ರಾಜಗೋಪಾಲರು ತಲೆಯಾಡಿಸಿದರು. ಈ ಉತ್ಸವಕ್ಕೆ ಆಗುವುದಿಲ್ಲ, ಅದು ನಿಖಿತಾ ಅವರದು, ಕೊಟ್ಟ ಮಾತು ಎಂದರು. ಯುಗಾದಿಯ ಕಾರ್ಯಕ್ರಮಕ್ಕೆ ಸ್ಪರ್ಧೆ ಇಲ್ಲ, ನಿಯಮವೂ ಇಲ್ಲ, ಆಗ ನೋಡೋಣ ಎಂದರು. ಪಾತ್ರಗಳ ಹೆಸರನ್ನು ಮಾತ್ರ ಬದಲಾಯಿಸಬೇಕು, ಅದರಲ್ಲೂ ತನ್ನದನ್ನು ಮೊದಲು.

ಅಷ್ಟರಲ್ಲಿ ಹಿಬಾ ಹಿಂಬಾಗಿಲಿನಿಂದ ತಲೆ ಹಾಕಿ, ಗಿರಾಕಿ ನಿಂತಿದ್ದಾರೆ, ಐದು ಕಿಲೋದ ಅಕ್ಕಿ ಒಂದೂ ಒಳಗಿಲ್ಲ ಎಂದಳು. ಮಮ್ಮದ್ ಕಟ್ಟದ ಕಡೆ ನೋಡಿ ಯಾವುದನ್ನು ತೆಗೆಯುವುದೆಂದು ತಿಳಿಯದೆ ನಿಂತ. ಶ್ಯಾಮಸುಂದರ ಸ್ಟೂಲಿನಿಂದ ಎದ್ದು, ಗೋಡೆಯ ಪಕ್ಕದ ತುದಿಯಿಂದ ಒಂದು ಚೀಲ ಎತ್ತಿ ಕೊಟ್ಟ. ಗಡಿಯಾರದಲ್ಲಿ ಬಿಡುವು ಮುಗಿಯಲು ಇನ್ನೂ ಆರು ನಿಮಿಷ ಇತ್ತು.

"ಇನ್ನೊಮ್ಮೆ ಮಾಡುವನಾ?" ಎಂದ ಎಡ್ವರ್ಡ್. "ಈ ಸಲ ನನ್ನ ಪಾರ್ಟಿನಿಂದ."